ಹೊಳೆಯಾಚೆ ಸಿಕ್ಕ ಆಸರೆ

ಕಳೆದ ರಜೆಯಲ್ಲಿ ಊರಿಗೆ ಹೋದಾಗ ನನ್ನ ಫೈಲ್‌ನಲ್ಲಿದ್ದ 371(ಜೆ) ಪ್ರಮಾಣಪತ್ರ ನೋಡಿದ ಅಜ್ಜಿ, ‘ಇದೇನಪಾ?’ ಎಂದರು. ‘ನಾವು ಹೈದರಾಬಾದ್ ಕರ್ನಾಟಕದವರು ಅಂತ ಸರ್ಕಾರ ಕೊಟ್ಟ ಕಾಗದ. ಇದರಿಂದಲೇ ನನಗೆ ಬಿ.ಇ. ಸೀಟು ಸಿಕ್ತು’ ಎಂದೆ. ‘ಆಗ ಈ ಸೀಮಿ ಬಿಟ್ಟು ಹೋದ್ರ ಸಾಕಾಗಿತ್ತು’ ಎಂದು ಅಜ್ಜಿ ಕಥೆ ಶುರು ಮಾಡಿದರು.

ನಮ್ಮದು ಮಲ್ಲಟ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ರಾಯಚೂರು ಜಿಲ್ಲೆ ನಿಜಾಮನ ಕೈಯಲ್ಲೇ ಇತ್ತು. ಖಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಾಗಿತ್ತು. ಆದರೆ ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ್ಯ, ಅಂದರೆ ಸ್ವತಂತ್ರ ಭಾರತ! 1948ರ ಬೇಸಿಗೆಯ ಒಂದು ರಾತ್ರಿ ನಮ್ಮ ಮನೆಯವರು ಬಂಡಿ ಕಟ್ಟಿ, ಹೊಳೆ ದಾಟಿ ಆದೋನಿ ಕಡೆಯ ನೆಂಟರ ಮನೆ ಸೇರಿದರಂತೆ. ‘ಅವರ ಮನ್ಯಾಗ ಎಂಟು ಮಂದಿ, ನಾವು ಆರು ಮಂದಿ. ಒಂದೇ ಒಲಿ. ಒಂದಿನಾನೂ ಯಾವಾಗ ಹೋಗ್ತೀರಿ ಅಂತ ಕೇಳಲಿಲ್ಲ’ ಎಂದರು ಅಜ್ಜಿ.

ಹೀಗೆ ಗಡಿ ದಾಟಿದವರು ಸಾವಿರಾರು ಜನ. ಪಶ್ಚಿಮಕ್ಕೆ ಮುಂಬೈ ಪ್ರಾಂತ್ಯದಲ್ಲಿದ್ದ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟದ ಶಿಬಿರಗಳೇ ಇದ್ದವು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿ ಶಿವಮೂರ್ತಿಸ್ವಾಮಿ. ಓದು ಬಿಟ್ಟು ಬಂದ ನಮ್ಮ ವಯಸ್ಸಿನ ಹುಡುಗರು ಅಲ್ಲಿ ತರಬೇತಿ ಪಡೆದು ನಿಜಾಮನ ಗಡಿ ನಾಕಾಗಳ ಮೇಲೆ ದಾಳಿ ಮಾಡುತ್ತಿದ್ದರು. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಬಂತು, 17ಕ್ಕೆ ನಿಜಾಮ ಶರಣಾದ. ಆ ಗದ್ದಲದಲ್ಲಿ ಎಷ್ಟೋ ಅಮಾಯಕ ಮುಸ್ಲಿಮರೂ ಜೀವ ಕಳೆದುಕೊಂಡದ್ದನ್ನು ಸುಂದರಲಾಲ್ ಸಮಿತಿ ದಾಖಲಿಸಿದೆ. ಅದನ್ನೂ ನಾವು ಮರೆಯಬಾರದು.

ಪರೀಕ್ಷೆಗೆ ಓದುವಾಗ ನಾವು ತಾರೀಖು, ನಾಯಕರ ಹೆಸರು ನೆನಪಿಟ್ಟುಕೊಳ್ಳುತ್ತೇವೆ. ಆಸರೆ ಕೊಟ್ಟವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಮೊಜಾಂಬಿಕ್‌ನ ವಿಮೋಚನಾ ಸಂಘಟನೆ ಫ್ರೆಲಿಮೊ 1962ರಲ್ಲಿ ಹುಟ್ಟಿದ್ದು ಪಕ್ಕದ ದೇಶದ ದಾರ್ ಎಸ್ ಸಲಾಮ್‌ನಲ್ಲಿ. ಮಂಡೇಲಾ ಅವರ ಪಕ್ಷ ನಿಷೇಧದ ವರ್ಷಗಳಲ್ಲಿ ನೆಲೆ ಕಂಡದ್ದು ಜಾಂಬಿಯಾದ ಲುಸಾಕಾದಲ್ಲಿ. ಆಸರೆ ಕೊಟ್ಟ ತಪ್ಪಿಗೆ 1986ರಲ್ಲಿ ಲುಸಾಕಾದ ಮೇಲೂ ದಾಳಿಯಾಯಿತು. ನೆರೆಯವರು ಬಾಗಿಲು ತೆರೆಯದೆ ಯಾವ ಹೋರಾಟವೂ ಉಳಿಯದು.

ಅಜ್ಜಿಯ ಮಾತು ಕೇಳುತ್ತಾ ನನಗೆ ನೆನಪಾದದ್ದು ನನ್ನ ರೂಮ್‌ಮೇಟ್. ಅವನು ಸಿಂಧನೂರಿನ ಆರ್‌.ಎಚ್‌. ಕ್ಯಾಂಪಿನವನು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದ ಆರಂಭದಲ್ಲಿ ನಮ್ಮ ಜಿಲ್ಲೆಯೇ ನೆಲೆ ಕೊಟ್ಟಿತ್ತು. ಹೊಳೆ ದಾಟಿ ಬದುಕಿದವರ ಜಿಲ್ಲೆ, ಗಡಿ ದಾಟಿ ಬಂದವರಿಗೆ ಆಸರೆಯಾಯಿತು. ಅವನ ಕನ್ನಡ ಥೇಟ್ ನಮ್ಮ ರಾಯಚೂರು ಕನ್ನಡ. ಆದರೂ ನಾವೆಲ್ಲ ಅವನನ್ನು ‘ಏ ಬಾಂಗ್ಲಾ’ ಎಂದೇ ಕರೆಯುತ್ತಿದ್ದೆವು. ಅವನು ನಕ್ಕು ಸುಮ್ಮನಾಗುತ್ತಿದ್ದ. ಅದು ತಮಾಷೆ ಎಂದೇ ನಾನು ತಿಳಿದಿದ್ದೆ.

ಆದೋನಿ ಕಡೆಯ ಆ ಮನೆಯ ಮಕ್ಕಳು ನನ್ನ ಅಜ್ಜಿಯನ್ನು ‘ಏ ನಿಜಾಮ’ ಎಂದು ಕರೆದಿದ್ದರೆ?

ಹಾಸ್ಟೆಲ್‌ಗೆ ಮರಳಿದ ದಿನ ಅವನಲ್ಲಿ ಕ್ಷಮೆ ಕೇಳಿದೆ. ‘ಇರ್ಲಿ ಬಿಡೋ’ ಎಂದ. ಈಗ ಅವನ ಹೆಸರು ಹಿಡಿದೇ ಕರೆಯುತ್ತೇನೆ. ಮುಂದಿನ ರಜೆಗೆ ಅವನನ್ನು ಮಲ್ಲಟಕ್ಕೆ ಕರೆದೊಯ್ಯಬೇಕು. ಅಜ್ಜಿಗೆ ಆಗಲೇ ಹೇಳಿದ್ದೇನೆ. ‘ಕರ್ಕೊಂಡು ಬಾ, ಒಲಿ ಹತ್ತೇ ಇರ್ತದ’ ಎಂದಿದ್ದಾರೆ.