ಕಲಿತದ್ದರ ಪಟ್ಟಿ, ಬಿಟ್ಟದ್ದರ ಪಟ್ಟಿ: ನರ್ತಕಿಯ ಆತ್ಮಕಥೆಯನ್ನು ಓದುವ ಬಗೆ

1

ಕನ್ನಡದ ದಲಿತ ವಿಮರ್ಶೆ ಆತ್ಮಕಥೆಗಳನ್ನು ಓದಿದ್ದು ಕಡಿಮೆಯೇನಲ್ಲ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ' ಬಂದ ಮೇಲೆ 'ಅನುಭವ' ಅನ್ನೋ ಮಾತು ವಿಮರ್ಶೆಯ ನಡುಮನೆಗೇ ಬಂತು. ಹಸಿವು, ಕೇರಿ, ಸ್ಕೂಲು, ಹಾಸ್ಟೆಲು, ಅವಮಾನ ಇವುಗಳನ್ನು ಹೇಗೆ ಓದಬೇಕು ಅಂತ ನಮಗೆಲ್ಲ ಒಂದು ಅಂದಾಜು ಸಿಕ್ಕಿದೆ. ಆದರೆ ಈ ಪುಸ್ತಕಗಳ ಲೇಖಕರು ಅಕ್ಷರದ ದಾರಿಯಲ್ಲಿ ಬಂದವರು. ಬರೆಯುವ ಕೈಯೇ ಅವರನ್ನು ಮೇಲೆತ್ತಿದ ಕೈ. ಮೈಯಿಂದ ದುಡಿದು, ಕಾಲಿನಿಂದ ಹೆಸರು ಮಾಡಿದವರ ಆತ್ಮಕಥೆಯನ್ನು ಹೇಗೆ ಓದುವುದು? ಅಲ್ಲಿ ಅನುಭವ ಇರುವುದು ಮೊಣಕಾಲಿನಲ್ಲಿ, ಬೆನ್ನಿನಲ್ಲಿ, ಪಾದದಲ್ಲಿ. ಅದು ಅಕ್ಷರಕ್ಕೆ ಬರುವಾಗ ಏನೋ ಒಂದು ಉದುರಿ ಹೋಗುತ್ತದೆ. ಉದುರಿದ್ದು ಏನು ಅಂತ ಕೇಳುವುದೇ ಈ ಲೇಖನದ ಕೆಲಸ.

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಕಾಲೇಜು ಓದುವ ಕೆಲವು ಹುಡುಗ ಹುಡುಗಿಯರ ಜೊತೆ, ಸಂಘಟನೆಯ ಗೆಳೆಯರ ಜೊತೆ ನಾನು ಒಂದು ಬ್ಯಾಲೆ ನರ್ತಕಿಯ ಆತ್ಮಕಥೆಯನ್ನು ಓದುತ್ತ ಬಂದೆ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವುದು, ಆಮೇಲೆ ಮಾತಾಡುವುದು. ತರೀಕೆರೆಯಲ್ಲಿ ಹಿರಿಯ ಕಾರ್ಯಕರ್ತರೊಬ್ಬರು ನೇರವಾಗಿ ಕೇಳಿದರು: "ಅಲ್ರೀ ಮೇಷ್ಟ್ರೇ, ಹೊಟ್ಟೆಗೆ ಹಿಟ್ಟಿಲ್ಲದೋರ ಮುಂದೆ ತುದಿಗಾಲ ಕುಣಿತದ ಕಥೆ ಯಾಕ್ರೀ?" ನ್ಯಾಯವಾದ ಪ್ರಶ್ನೆ. ಉತ್ತರ ಕಡೂರಿನ ತಾಂಡ್ಯವೊಂದರಲ್ಲಿದೆ. ಅಲ್ಲಿಗೆ ಹೋಗಲು ಮೊದಲು ಅಮೆರಿಕದ ಪುಸ್ತಕವನ್ನು ದಾಟಬೇಕು.

2

ಬ್ಯಾಲೆ ಅರಮನೆಯ ಕೂಸು. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ 1661ರಲ್ಲಿ ನೃತ್ಯಕ್ಕೆಂದೇ ಒಂದು ರಾಜ ಅಕಾಡೆಮಿ ಮಾಡಿದ. ಆಮೇಲೆ ಅದು ರಷ್ಯಾಕ್ಕೆ ಹೋಗಿ ಬೆಳೆಯಿತು. ಬೆರಳ ತುದಿಯ ಮೇಲೆ ನಿಲ್ಲುವುದು, ತೂಕವೇ ಇಲ್ಲದವಳಂತೆ ಕಾಣುವುದು, ಬಿಳಿ ಉಡುಪಿನ ಹೆಣ್ಣುಗಳು ಸಾಲಾಗಿ ಒಂದೇ ಅಚ್ಚಿನಂತೆ ಚಲಿಸುವುದು, ಇದು ಅದರ ಸೌಂದರ್ಯದ ಲೆಕ್ಕ. ಒಂದೇ ಅಚ್ಚು ಅಂದಮೇಲೆ ಒಂದೇ ಬಣ್ಣ ಅಂತಲೂ ಆಯಿತು.

ಮಿಸ್ಟಿ ಕೋಪ್‌ಲ್ಯಾಂಡ್ ಹುಟ್ಟಿದ್ದು 1982ರಲ್ಲಿ. ಕಪ್ಪು ಹುಡುಗಿ. ಹದಿಮೂರಕ್ಕೆ ಬ್ಯಾಲೆ ಶುರು ಮಾಡಿದ್ದು. ಈ ಕಲೆಯಲ್ಲಿ ಅದು ತೀರಾ ತಡ. ತಾಯಿ ಮತ್ತು ಒಡಹುಟ್ಟಿದವರ ಜೊತೆ ಬಾಡಿಗೆ ಮೋಟೆಲ್ ಕೋಣೆಯಲ್ಲಿ ಬದುಕು. ಬಡಮಕ್ಕಳ ಕ್ಲಬ್ಬಿನಲ್ಲಿ ಪಾಠ ಹೇಳುತ್ತಿದ್ದ ಗುರು ಈಕೆಯ ಮೈಯನ್ನು ಗುರುತಿಸಿ ತನ್ನ ಮನೆಯಲ್ಲೇ ಇಟ್ಟುಕೊಂಡು ಕಲಿಸಿದಳು. 1998ರಲ್ಲಿ ಹುಡುಗಿ ಯಾರ ಬಳಿ ಇರಬೇಕು ಅನ್ನೋದು ಕೋರ್ಟಿಗೆ ಹೋಯಿತು. ಕೊನೆಗೆ ಆಕೆ ತಾಯಿಯ ಬಳಿಗೆ ಮರಳಿದಳು. ಮುಂದೆ ಅಮೆರಿಕನ್ ಬ್ಯಾಲೆ ಥಿಯೇಟರ್ ಸೇರಿ, 2015ರಲ್ಲಿ ಅಲ್ಲಿ ಪ್ರಧಾನ ನರ್ತಕಿಯ ಸ್ಥಾನಕ್ಕೇರಿದಳು. ಆ ಸಂಸ್ಥೆಯ 75 ವರ್ಷಗಳಲ್ಲಿ ಆ ಸ್ಥಾನ ಪಡೆದ ಮೊದಲ ಕಪ್ಪು ಹೆಂಗಸು ಆಕೆ. 2025ರಲ್ಲಿ ನಿವೃತ್ತಿಯಾದಳು. 'ಲೈಫ್ ಇನ್ ಮೋಷನ್' ಎಂಬ ಆಕೆಯ ಆತ್ಮಕಥೆ 2014ರಲ್ಲಿ ಬಂತು. ಶರೀಸ್ ಜೋನ್ಸ್ ಎಂಬ ಪತ್ರಕರ್ತೆಯ ಜೊತೆಗೂಡಿ ಬರೆದದ್ದು.

ಇದನ್ನು ಗೆಲುವಿನ ಕಥೆಯಾಗಿ ಓದುವುದು ಸುಲಭ. ಪುಸ್ತಕವೂ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ನಮ್ಮ ಗುಂಪಿಗೆ ಹಿಡಿಸಿದ್ದು ಗೆಲುವಲ್ಲ, ಬೂಟಿನ ಬಣ್ಣದ ವಿಚಾರ. ಬ್ಯಾಲೆ ಬೂಟು, ಕಾಲುಚೀಲ ಎರಡೂ ತಿಳಿಗುಲಾಬಿ ಬಣ್ಣದವು. ಅದಕ್ಕೆ 'ಚರ್ಮದ ಬಣ್ಣ' ಅಂತ ಹೆಸರು. ಯಾರ ಚರ್ಮ? ಕಪ್ಪು ನರ್ತಕಿಯರು ದಶಕಗಟ್ಟಲೆ ತಮ್ಮ ಬೂಟಿಗೆ ಮೇಕಪ್ಪಿನ ಬಣ್ಣವನ್ನು ತಾವೇ ಕೂತು ಹಚ್ಚಿಕೊಳ್ಳುತ್ತಿದ್ದರು. 2017-18ರ ಹೊತ್ತಿಗಷ್ಟೇ ಹೆಸರಾಂತ ತಯಾರಕರು ಕಂದು ಬಣ್ಣದ ಬೂಟು ಮಾರಾಟಕ್ಕೆ ತಂದದ್ದು. ಕೋಪ್‌ಲ್ಯಾಂಡ್‌ಗೆ ಹಿರಿಯಳಾದ ರೇವನ್ ವಿಲ್ಕಿನ್ಸನ್ 1955ರಲ್ಲಿ ದೊಡ್ಡ ಬ್ಯಾಲೆ ತಂಡವೊಂದಕ್ಕೆ ಸೇರಿದ್ದಳು. ಅಮೆರಿಕದ ದಕ್ಷಿಣ ರಾಜ್ಯಗಳ ಪ್ರವಾಸದಲ್ಲಿ ಮುಖಕ್ಕೆ ಬಿಳಿ ಬಳಿದುಕೊಂಡು ಕುಣಿಯಬೇಕಾಯಿತು, ಕು ಕ್ಲಕ್ಸ್ ಕ್ಲಾನ್‌ನವರ ಬೆದರಿಕೆಯೂ ಬಂತು. ಕೊನೆಗೆ ಆಕೆ ಕೆಲಸ ಹುಡುಕಿಕೊಂಡು ನೆದರ್ಲೆಂಡ್ಸಿಗೆ ಹೋದಳು.

ಇದನ್ನು ಹೇಳಿದಾಗ ಅಜ್ಜಂಪುರದ ಕಡೆಯ ತಾಂಡ್ಯದಿಂದ ಬರುವ ಬಿ.ಎ. ಹುಡುಗಿಯೊಬ್ಬಳು ಅಂದಳು: "ಅವರು ಬೂಟಿಗೆ ಬಣ್ಣ ಹಚ್ಕೊಂಡ್ರು ಸಾರ್. ನಾವು ಮಾತಿಗೆ ಹಚ್ಕೋತೀವಿ." ಬಸ್ ಹತ್ತಿದ ಕೂಡಲೇ ತಾನೂ ತನ್ನ ಅಕ್ಕನೂ ಗೋರ್ ಬೋಲಿ ಬಿಟ್ಟು ಕನ್ನಡಕ್ಕೆ ತಿರುಗುವುದನ್ನು ಆಕೆ ವಿವರಿಸಿದಳು.

ಈ ಮಾತಿನಲ್ಲಿ ಜನಾಂಗಕ್ಕೂ ಜಾತಿಗೂ ಇರುವ ಸಂಬಂಧ ಮತ್ತು ವ್ಯತ್ಯಾಸ ಎರಡೂ ಇವೆ. ಅಂಬೇಡ್ಕರ್ 1946ರಲ್ಲಿ ಡು ಬಾಯ್ಸ್‌ಗೆ ಪತ್ರ ಬರೆದಾಗಿನಿಂದ, 1972ರಲ್ಲಿ ಮುಂಬೈಯ ದಲಿತ ಪ್ಯಾಂಥರ್ ಹುಟ್ಟಿದಾಗಿನಿಂದ ನಾವು ಅವರ ಕಡೆ ನೋಡುತ್ತಲೇ ಇದ್ದೇವೆ. ತರೀಕೆರೆಗೆ ಪಕ್ಕದ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಕಾಲದಲ್ಲೂ ಕಪ್ಪು ಜನರ ಹೋರಾಟ ಒಂದು ಮಾದರಿಯಾಗಿತ್ತು. ಆದರೆ ಕಪ್ಪು ಮೈಯನ್ನು ಬಾಗಿಲಲ್ಲೇ ತಡೆಯಬಹುದು. ಅದು ಕಣ್ಣಿಗೆ ಕಾಣುತ್ತದೆ. ಜಾತಿಯ ಮೈಯನ್ನು ಒಳಗೆ ಬಿಟ್ಟುಕೊಳ್ಳಬಹುದು, ಹಿಂದಿನ ಬಾಗಿಲು ಮುಚ್ಚಿ ಬರುವುದಾದರೆ. ಹೆಸರು, ಮಾತು, ಉಡುಪು, ಊಟ ಎಲ್ಲವನ್ನೂ ಹೊರಗೆ ಇಟ್ಟು ಬಂದರೆ ಸರಿ. ಹಾಗಾಗಿ ನಮ್ಮಲ್ಲಿ ತಾರತಮ್ಯದ ಗುರುತು ಹುಡುಕಬೇಕಾದದ್ದು ತಡೆದ ಜಾಗದಲ್ಲಿ ಮಾತ್ರವಲ್ಲ, ಸ್ವಾಗತಿಸಿದ ಜಾಗದಲ್ಲೂ.

3

ಈಗ ಕಡೂರಿಗೆ ಬರೋಣ. ಮೈಸೂರು ಶೈಲಿಯ ಭರತನಾಟ್ಯದ ದೊಡ್ಡ ಹೆಸರು ಕೆ. ವೆಂಕಟಲಕ್ಷಮ್ಮನವರದು. ಅವರು ಹುಟ್ಟಿದ್ದು 1906ರಲ್ಲಿ, ಕಡೂರಿನ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ. ಆಗ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಅಂತ ಹೆಸರು. ಇವತ್ತು ಕಡೂರಿನ ಯುವಕರನ್ನು ಕೇಳಿದರೆ ಈ ಹೆಸರು ಗೊತ್ತಿರುವವರು ಅಪರೂಪ. ಮೈಸೂರಿನಲ್ಲಿ ಕೇಳಿದರೆ ಹೆಸರು ಗೊತ್ತು, ತಾಂಡ್ಯ ಗೊತ್ತಿಲ್ಲ.

ಅವರ ಬದುಕು ನಮ್ಮ ಕೈಗೆ ಬರುವುದು ಹೆಚ್ಚಾಗಿ ಪರಿಚಯದ ಪ್ಯಾರಾಗಳ ಮೂಲಕ. ಆ ಪ್ಯಾರಾ ಹೀಗಿರುತ್ತದೆ. ಎಂಟನೇ ವಯಸ್ಸಿಗೆ ಅರಮನೆಯ ನರ್ತಕಿ ಜಟ್ಟಿ ತಾಯಮ್ಮನವರ ಬಳಿ ಗುರುಕುಲದ ರೀತಿಯಲ್ಲಿ ಕಲಿಕೆ. ದೇವೋತ್ತಮ ಜೋಯಿಸ್, ಶಾಂತಾ ಶಾಸ್ತ್ರಿ, ಗಿರಿ ಭಟ್ಟ ಇವರಿಂದ ಸಂಸ್ಕೃತ. ಬಿ. ದೇವೇಂದ್ರಪ್ಪ, ಸಿ. ರಾಮರಾವ್ ಇವರಿಂದ ಸಂಗೀತ. ಹನ್ನೆರಡಕ್ಕೆ ರಂಗಪ್ರವೇಶ. ಗುರುವಿನ ಜೊತೆ 30 ವರ್ಷ ನರ್ತನ. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಆಸ್ಥಾನ ವಿದುಷಿಯ ಪದವಿ. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಶುರುವಾದಾಗ ಅದರ ಮೊದಲ ರೀಡರ್, 1974ರಲ್ಲಿ ನಿವೃತ್ತಿ. 1992ರಲ್ಲಿ ಪದ್ಮಭೂಷಣ. 2002ರಲ್ಲಿ ನಿಧನ.

ಇದು ಸಣ್ಣ ಸಾಧನೆಯಲ್ಲ. ತಾಂಡ್ಯದ ಹೆಣ್ಣುಮಗಳೊಬ್ಬಳು ವಿಶ್ವವಿದ್ಯಾನಿಲಯದ ವಿಭಾಗಕ್ಕೆ ಮೊದಲ ಮೇಷ್ಟ್ರಾಗಿ ಹೋದದ್ದು, ಅದೂ ಕಾಲಿನ ವಿದ್ಯೆಯಿಂದ, ನಾವು ಎದೆತಟ್ಟಿ ಹೇಳಬೇಕಾದ ಮಾತು. ಆದರೆ ಆ ಪ್ಯಾರಾವನ್ನು ಮತ್ತೊಮ್ಮೆ ಓದಿ. ಕಲಿತದ್ದರ ಪಟ್ಟಿ ಪೂರ್ತಿ ಇದೆ, ಕಲಿಸಿದ ಪಂಡಿತರ ಹೆಸರು ಸಮೇತ. ಬಿಟ್ಟದ್ದರ ಪಟ್ಟಿ ಎಲ್ಲಿ? ಎಂಟು ವರ್ಷದ ಮಗು ಹುಟ್ಟಿದ ಮನೆಯಿಂದ ಅರಮನೆಯ ಊರಿಗೆ ಹೋಗುವಾಗ ಏನನ್ನು ಬಿಟ್ಟು ಹೋಯಿತು? ಯಾವ ಮಾತು, ಯಾವ ಹಾಡು, ಯಾವ ಹೆಜ್ಜೆ? 'ತಂಗಲಿ ತಾಂಡ್ಯದಲ್ಲಿ ಜನಿಸಿದ' ಅನ್ನುವ ಮೂರು ಪದದಲ್ಲಿ ತಾಂಡ್ಯ ಮುಗಿಯುತ್ತದೆ. ಮುಂದಿನ ವಾಕ್ಯದಲ್ಲಿ ಮೈಸೂರು.

ತಾಂಡ್ಯ ಅಂದರೆ ಖಾಲಿ ಜಾಗವಾಗಿರಲಿಲ್ಲ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತುತ್ತಿದ್ದ ಜನ ಲಂಬಾಣಿಗರು. ರಸ್ತೆ, ರೈಲು ಬಂದಮೇಲೆ ಆ ವ್ಯಾಪಾರ ಮುರಿಯಿತು. ಕಡೂರು, ಅಜ್ಜಂಪುರಗಳ ಮೇಲೆ ಹಾದುಹೋಗುವ ರೈಲು ಹಳಿ ಬಿದ್ದದ್ದೂ 19ನೇ ಶತಮಾನದ ಕೊನೆಯಲ್ಲೇ. ಬ್ರಿಟಿಷರು 1871ರ ಅಪರಾಧಿ ಬುಡಕಟ್ಟು ಕಾಯ್ದೆ ತಂದು ಇಂಥ ಅಲೆಮಾರಿ ಸಮುದಾಯಗಳನ್ನು ಹುಟ್ಟುಗಳ್ಳರೆಂದು ಅನುಮಾನಿಸಿದರು. ಕೆಲಸ ಹೋದ, ಮರ್ಯಾದೆ ಹೋದ ಜನ ಊರಾಚೆ ನೆಲೆ ನಿಂತರು. ಅಂಥ ಕಾಲದಲ್ಲೂ ಹೆಂಗಸರು ಸುತ್ತು ನಿಂತು ಹಾಡುತ್ತ ಕುಣಿಯುವುದು ನಿಂತಿರಲಿಲ್ಲ. ತಾಂಡ್ಯದಲ್ಲಿ ಕುಣಿತ ಎಲ್ಲರದು. ನೋಡುವವರು ಬೇರೆ, ಕುಣಿಯುವವರು ಬೇರೆ ಅಂತ ಇಲ್ಲ. ಅರಮನೆಯಲ್ಲಿ ನೋಡುವವರು ಕೂತಿರುತ್ತಾರೆ, ಕುಣಿಯುವವಳು ಒಬ್ಬಳು. ಒಂದನ್ನು 'ಜಾನಪದ' ಅಂತಲೂ ಇನ್ನೊಂದನ್ನು 'ಶಾಸ್ತ್ರೀಯ' ಅಂತಲೂ ಕರೆದು ಏಣಿಯ ಕೆಳಗೆ, ಮೇಲೆ ಕೂರಿಸಿದವರು ಯಾರು?

ಇಲ್ಲಿ ಎರಡು ಎಚ್ಚರ ಬೇಕು. ಒಂದು, ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದರೂ ಅವರ ಅನುಭವ ಹೊಲೆಯ ಮಾದಿಗರ ಅನುಭವವಲ್ಲ. ಒಳಮೀಸಲಾತಿಯ ಚರ್ಚೆ ಇದನ್ನು ನಮಗೆ ಚೆನ್ನಾಗಿ ಕಲಿಸಿದೆ. ಎಲ್ಲವನ್ನೂ 'ದಲಿತ ಅನುಭವ' ಅಂತ ಒಂದೇ ಚೀಲಕ್ಕೆ ತುಂಬಬಾರದು. ಎರಡು, ಗುರುವನ್ನು ಖಳನಾಯಕಿ ಮಾಡಬಾರದು. ಜಟ್ಟಿ ತಾಯಮ್ಮ ಹುಟ್ಟಿದ್ದು ಪೈಲ್ವಾನರ ಮನೆಯಲ್ಲಿ. ಅವರ ಕಾಲದಲ್ಲಿ ಕುಣಿಯುವ ಹೆಂಗಸಿಗೆ ಗೌರವ ಅಪಮಾನ ಎರಡೂ ಒಟ್ಟಿಗೇ ಸಿಗುತ್ತಿತ್ತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಆಮೇಲಿನ ದಶಕಗಳಲ್ಲಿ ಈ ಕಲೆ ಪರಂಪರೆಯ ಹೆಂಗಸರ ಕೈಯಿಂದ ಮೇಲ್ಜಾತಿ ಮನೆಗಳ ಹಜಾರಕ್ಕೆ ಹೋಯಿತು. ಮದರಾಸಿನಲ್ಲಿ 1936ರಲ್ಲಿ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿದೇವಿಯವರನ್ನು ಭಾರತೀಯ ನೃತ್ಯದ ಕಡೆ ತಿರುಗಿಸಿದ್ದು ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ. ಅಂದರೆ ಬ್ಯಾಲೆ ನಮಗೆ ಅಷ್ಟೇನೂ ದೂರದ್ದಲ್ಲ. ನಮ್ಮ 'ಶಾಸ್ತ್ರೀಯ'ವನ್ನು ಶುದ್ಧಮಾಡಿ ಸಭೆಗೆ ತಂದ ಕೈಗಳಲ್ಲಿ ಅದರ ನೆರಳೂ ಇತ್ತು.

4

ಬಿಟ್ಟದ್ದರ ಪಟ್ಟಿಯನ್ನು ಹೇಳಿಕೊಂಡ ನರ್ತಕಿ ಕನ್ನಡದಲ್ಲಿ ಇದ್ದಾರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಮಂಜಮ್ಮ ಜೋಗತಿ. ಅವರ ಆತ್ಮಕಥೆ 'ನಡುವೆ ಸುಳಿವ ಹೆಣ್ಣು'. ಅವರು ಹೇಳಿದ್ದು, ಅರುಣ್ ಜೋಳದಕೂಡ್ಲಿಗಿ ಬರಹಕ್ಕೆ ಇಳಿಸಿದ್ದು. ಗಂಡಾಗಿ ಹುಟ್ಟಿ, ಹೆಣ್ಣಾಗಿ ಬದುಕಲು ಹೊರಟು, ಮನೆ ಬಿಟ್ಟು, ಭಿಕ್ಷೆ ಬೇಡಿ, ಜೋಗತಿ ಕುಣಿತ ಕಲಿತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರು ಹುಟ್ಟಿನಿಂದ ದಲಿತರಲ್ಲ. ಆದರೆ ಅವರು ಹೊತ್ತ ಕೊಡ ಎಲ್ಲಮ್ಮನದು. ಮುತ್ತು ಕಟ್ಟುವ ಹೆಸರಲ್ಲಿ ಹೆಚ್ಚಾಗಿ ಬಲಿಯಾದವರು ದಲಿತ ಹೆಣ್ಣುಮಕ್ಕಳು; 1982ರ ಕಾಯ್ದೆ ಬಂದ ಮೇಲೂ ಅದು ಒಂದೇ ಸಲಕ್ಕೆ ನಿಲ್ಲಲಿಲ್ಲ. ಹಾಗಾಗಿ ಈ ಪುಸ್ತಕದ ಕುಣಿತವನ್ನು ಓದುವಾಗ ಪದಕ ಸಿಗದ, ಪುಸ್ತಕ ಸಿಗದ ಆ ಹೆಂಗಸರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಹೇಳಿದವರು ಒಬ್ಬರು, ಬರೆದವರು ಒಬ್ಬರು ಅನ್ನೋದು ಕೋಪ್‌ಲ್ಯಾಂಡ್ ಪುಸ್ತಕಕ್ಕೂ ಹೊಂದುವ ಮಾತು. ಇದನ್ನು ಕೊರತೆ ಅಂತ ನಾನು ತಿಳಿಯುವುದಿಲ್ಲ. ನಮ್ಮಲ್ಲಿ ಹಾಡಿದವರ ಬಾಯಿ ಬೇರೆ, ಬರೆದವರ ಕೈ ಬೇರೆ ಆಗಿರುವುದು ಹೊಸದೇನೂ ಅಲ್ಲ. ಆದರೆ ಓದುವಾಗ ಕೇಳಬೇಕು: ವಾಕ್ಯ ಎಲ್ಲಿ ಮಾತಿನ ಉಸಿರಿನಲ್ಲಿದೆ, ಎಲ್ಲಿ ನಯವಾಗಿ ಪುಸ್ತಕದ ಕನ್ನಡವಾಗಿದೆ? ನಯವಾದ ಜಾಗದಲ್ಲಿ ಸಾಮಾನ್ಯವಾಗಿ ಏನೋ ಬಿಟ್ಟು ಹೋಗಿರುತ್ತದೆ.

"ಕಲೆಗೆ ಜಾತಿ ಇಲ್ಲ" ಅಂತ ಕೆಲವರು ಅನ್ನುತ್ತಾರೆ. ಇರಬಹುದು. ಕಲಿಯಲು ಹೋಗುವವರಿಗೆ ಜಾತಿ ಇದೆ, ಕಲಿಸುವ ಜಾಗಕ್ಕೆ ಜಾತಿ ಇದೆ, ಪರಿಚಯದ ಪ್ಯಾರಾ ಬರೆಯುವ ಕೈಗೂ ಇದೆ. ಆದ್ದರಿಂದ ಇಂಥ ಪುಸ್ತಕ ಹಿಡಿಯುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ನಾಲ್ಕೇ ಪ್ರಶ್ನೆ. ಕುಣಿಯುವ ಮೈ ಯಾರ ಕಣ್ಣಿಗಾಗಿ ತಯಾರಾಯಿತು? ಅದರ ಖರ್ಚು ಕೊಟ್ಟವರು ಯಾರು? ಆ ಮೈ ಒಳಗೆ ಬರಲು ಏನನ್ನು ಹೊರಗೆ ಬಿಟ್ಟಿತು? ಕೊನೆಯದು, ಬಿಟ್ಟದ್ದು ಈಗ ಯಾರ ಬಳಿ ಇದೆ?

ನಾಲ್ಕನೆಯದಕ್ಕೆ ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ. ತರೀಕೆರೆಯ ಆ ಹಿರಿಯರಿಗೆ ನಾನು ಕೊಟ್ಟ ಉತ್ತರವೂ ಇದೇ. ನಮ್ಮ ಮೂರೂ ತಾಲ್ಲೂಕಿನ ತಾಂಡ್ಯಗಳಲ್ಲಿ ಗೋರ್ ಬೋಲಿಯ ಹಾಡು ಬಲ್ಲ ಮುದುಕಿಯರು ಇನ್ನೂ ಇದ್ದಾರೆ. ಅವರ ಮೊಮ್ಮಕ್ಕಳು ನಮ್ಮ ಕಾಲೇಜುಗಳಲ್ಲಿ ಕನ್ನಡ ಐಚ್ಛಿಕ ಓದುತ್ತಿದ್ದಾರೆ. ಆ ಮಕ್ಕಳು ತಮ್ಮ ಅಜ್ಜಿಯ ಮುಂದೆ ಕೂತು, ಯಾವ ಹಾಡಿಗೆ ಯಾವ ಹೆಜ್ಜೆ, ಯಾವುದನ್ನು ಯಾವಾಗ ಯಾಕೆ ಬಿಟ್ಟರು ಅಂತ ಬರೆದುಕೊಂಡು ಬರಲಿ. ವೆಂಕಟಲಕ್ಷಮ್ಮನವರ ಪರಿಚಯದ ಪ್ಯಾರಾಕ್ಕೆ ಮೊದಲ ವಾಕ್ಯ ಆದಮೇಲೆ ಸೇರಬೇಕಾದ ಪುಟಗಳು ಅವು. ಈ ಕೆಲಸ ತಂಗಲಿಯಿಂದಲೇ ಶುರುವಾಗಲಿ ಅನ್ನೋದು ನನ್ನ ಸೂಚನೆ.