ಹಿಟ್ಟಿನ ಕೋಳಿಯ ಪಾಪ

ದೇವರಿಲ್ಲದಿದ್ದರೆ ನೀತಿಗೆ ನೆಲೆ ಯಾವುದು ಎಂಬ ಪ್ರಶ್ನೆಯನ್ನು ಗ್ರೀಸಿನಿಂದ ಆರಂಭಿಸುವುದು ವಾಡಿಕೆ. ದೇವತೆಗಳಿಗೆ ಪ್ರಿಯವಾದುದರಿಂದ ಒಂದು ಕಾರ್ಯ ಪುಣ್ಯವಾಗುತ್ತದೆಯೋ, ಪುಣ್ಯವಾದುದರಿಂದ ಅವರಿಗೆ ಪ್ರಿಯವಾಗುತ್ತದೆಯೋ ಎಂಬ ಜಿಜ್ಞಾಸೆ ಪ್ಲೇಟೋನ ‘ಯೂಥಿಫ್ರೊ’ ಸಂವಾದದಲ್ಲಿದೆ. ಸಾಂಗ್ಲಿ-ಮಿರಜದ ವಿದ್ಯಾರ್ಥಿ ಅಷ್ಟು ದೂರ ಹೋಗಬೇಕಾಗಿಲ್ಲ. 1899ರಲ್ಲಿ ಸ್ಥಾಪನೆಗೊಂಡ ದಕ್ಷಿಣ ಭಾರತ ಜೈನ ಸಭೆಯ ಕೇಂದ್ರ ಸಾಂಗ್ಲಿಯಲ್ಲಿಯೇ ಇದೆ. ಜೈನದರ್ಶನವು ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪುವುದಿಲ್ಲ. ಬಸದಿಯ ಜಿನನು ವರ ಕೊಡುವವನಲ್ಲ, ಪಾಪ ಮನ್ನಿಸುವವನೂ ಅಲ್ಲ. ಆದರೂ ನೀರನ್ನು ಸೋಸಿ ಕುಡಿಯುವ, ಹೊತ್ತು ಮುಳುಗಿದ ಮೇಲೆ ಉಣ್ಣದಿರುವ ಕಠಿಣ ನಿಯಮಗಳು ಅಲ್ಲಿ ಬೆಳೆದು ಬಂದಿವೆ.

ಈ ವಿಚಾರವನ್ನು ಕನ್ನಡದಲ್ಲಿ ಕಥೆಯಾಗಿಸಿದ ಕೃತಿ ಜನ್ನನ ‘ಯಶೋಧರಚರಿತೆ’ (1209). ದುಃಸ್ವಪ್ನದ ನೆವ ಹೇಳಿದ ಅರಸ ಯಶೋಧರನಿಗೆ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡಲು ಒತ್ತಾಯಿಸುತ್ತಾಳೆ. ಅವನು ಪ್ರಾಣಿವಧೆಗೆ ಒಪ್ಪುವುದಿಲ್ಲ. ಕಡೆಗೆ ಹಿಟ್ಟಿನ ಕೋಳಿಯಾದರೂ ಆಗಲಿ ಎಂದು ಒಡಂಬಡುತ್ತಾನೆ. ಆ ಒಂದು ಏಟಿಗೆ ತಾಯಿ-ಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಕ್ ಜನ್ಮಗಳಲ್ಲಿ ತೊಳಲುತ್ತಾರೆ.

ಇಲ್ಲಿ ಬಲಿ ದೇವಿಯ ಪ್ರೀತ್ಯರ್ಥವಾಗಿಯೇ ನಡೆದದ್ದು. ಆದರೂ ಅದು ಪಾಪವೇ ಆಯಿತು. ಎಂದರೆ, ದೇವತೆಯ ಮೆಚ್ಚುಗೆಯಿಂದ ತಪ್ಪು ಸರಿಯಾಗುವುದಿಲ್ಲ. ಪ್ಲೇಟೋನ ಪ್ರಶ್ನೆಗೆ ಜನ್ನನ ಉತ್ತರ ಎರಡನೆಯ ಪಕ್ಷದ್ದು. ಆದರೆ ತೊಡಕು ಬೇರೊಂದಿದೆ. ಜೀವಕ್ಕೆ ನೋವಾಗುವುದೇ ಹಿಂಸೆಯ ಲಕ್ಷಣವಾದರೆ ಹಿಟ್ಟಿಗೆ ಯಾವ ನೋವು? ಜನ್ನ ಇಲ್ಲಿ ಹಿಡಿದದ್ದು ಸಂಕಲ್ಪಹಿಂಸೆಯನ್ನು: ಕತ್ತಿ ಎತ್ತಿದ ಮನಸ್ಸು ಕೊಲ್ಲುವ ಮನಸ್ಸೇ. ನೋವನ್ನು ಅಳೆದು ನೀತಿಯನ್ನು ನಿರ್ಣಯಿಸುವ ಆಧುನಿಕ ಉಪಯುಕ್ತತಾವಾದಕ್ಕೆ ಈ ಕೋಳಿಯನ್ನು ನುಂಗುವುದು ಕಷ್ಟ.

ಜಡವಾದ ಕರ್ಮ ತಾನೇ ತಕ್ಕ ಫಲವನ್ನು ಹೇಗೆ ಹಂಚೀತು, ಹಂಚುವ ಈಶ್ವರ ಬೇಡವೆ ಎಂಬುದು ನೈಯಾಯಿಕರ ಆಕ್ಷೇಪ. ಕರ್ಮವು ಜೀವಕ್ಕೆ ಅಂಟುವ ಸೂಕ್ಷ್ಮ ಪುದ್ಗಲ. ವಿಷಕ್ಕೆ ನ್ಯಾಯಾಧೀಶ ಬೇಕಿಲ್ಲದಂತೆ ಅದಕ್ಕೂ ಬೇಕಿಲ್ಲ ಎಂಬ ಧಾಟಿಯದು ಜೈನರ ಸಮಾಧಾನ. ಸಮಾಧಾನ ಚೆನ್ನಾಗಿದೆ, ಪೂರ್ಣವಲ್ಲ. ವಿಷ ಕೊಲ್ಲುತ್ತದೆ ಎಂಬುದರಿಂದ ವಿಷ ಕುಡಿಯುವುದು ಅವಿವೇಕವೆಂದಾಗುತ್ತದೆ, ಅಧರ್ಮವೆಂದಾಗುವುದಿಲ್ಲ. ಶಿಕ್ಷೆಯ ಭಯ ದೇವರಿಂದ ಬಂದರೂ ಕರ್ಮದಿಂದ ಬಂದರೂ ಈ ಕೊರತೆ ಒಂದೇ. ಅದನ್ನು ತುಂಬುವುದು, ತನ್ನಂತೆಯೇ ಪ್ರತಿ ಜೀವವೂ ಬದುಕಬಯಸುತ್ತದೆ ಎಂಬ ಅರಿವು. ನರಬಲಿಗೆಂದು ತಂದ ಅಭಯರುಚಿ, ಅಭಯಮತಿಯರ ಬಾಯಿಂದ ಜನ್ಮಾಂತರದ ಕಥೆ ಕೇಳಿ ಅರಸ ಮಾರಿದತ್ತ ಕೊಲೆಯಿಂದ ಹಿಂದೆಗೆದಾಗ ಅವನಲ್ಲಿ ಭಯವೆಷ್ಟು, ಈ ಅರಿವೆಷ್ಟು ಎಂಬುದನ್ನು ಪಠ್ಯವನ್ನಿಟ್ಟುಕೊಂಡೇ ವಿದ್ಯಾರ್ಥಿಗಳು ಚರ್ಚಿಸಬೇಕು.