ಕಟ್ಟಡಕ್ಕುಂಟು ಪಟ್ಟ, ಬಯಲಿಗೇಕಿಲ್ಲ?

ಬೆಂಗಳೂರಿನ ಕಬ್ಬನ್ ಪಾರ್ಕ್ ಪಾರಂಪರಿಕ ತಾಣವೇ ಎಂದು ಯಾರನ್ನು ಕೇಳಿದರೂ 'ಅದರಲ್ಲಿ ಅನುಮಾನವೇನು?' ಎನ್ನುತ್ತಾರೆ. ಯಾವ ಕಾನೂನಿನ ಪ್ರಕಾರ ಎಂದು ಮರುಪ್ರಶ್ನೆ ಹಾಕಿದರೆ ಮಾತ್ರ ಉತ್ತರ ತಡವರಿಸುತ್ತದೆ. ಉದ್ಯಾನಕ್ಕೆ ಐತಿಹಾಸಿಕ ಮಾನ್ಯತೆ ಬೇಕು ಎನ್ನುವವರ ದಾರಿ ಕವಲೊಡೆಯುವುದು ಇಲ್ಲಿಯೇ.

ಇತಿಹಾಸಕ್ಕೇನೂ ಕೊರತೆಯಿಲ್ಲ. 1870ರಲ್ಲಿ, ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಸುಮಾರು 100 ಎಕರೆಯಲ್ಲಿ ಇದನ್ನು ರೂಪಿಸಿದರು. ಮೊದಲು ಇದು ಮೀಡ್ಸ್ ಪಾರ್ಕ್, ಆಮೇಲೆ ಮಾರ್ಕ್ ಕಬ್ಬನ್ ಹೆಸರಿನ ಪಾರ್ಕ್. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವದ ವರ್ಷವಾದ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬ ನಾಮಕರಣವೂ ಆಯಿತು. ಫಲಕ ಏನೇ ಹೇಳಲಿ, ಆಟೋದವರಿಗೆ ಇಂದಿಗೂ ಅದು ಕಬ್ಬನ್ ಪಾರ್ಕೇ.

ಈ ಉದ್ಯಾನದ ಅತಿ ಬೆಲೆಬಾಳುವ ಆಸ್ತಿ ಯಾವುದು? ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನು ಬೆನ್ನಿಗಿಟ್ಟುಕೊಂಡು ಪಾರ್ಕಿನ ಕಡೆ ನೋಡಿದರೆ ಅದು ಕಾಣಿಸುತ್ತದೆ. ಕೆಂಪು ಕಟ್ಟಡದ ನಡುಭಾಗದಿಂದ ಹೊರಟ ದಾರಿ, ಎರಡೂ ಬದಿಗೆ ಸರಿತೂಗುವ ಹುಲ್ಲುಹಾಸು, ಹೂಪಾತಿ, ಮರಗಳು, ಆಚೆ ತುದಿಯಲ್ಲಿ ಗುಲಾಬಿ ತೋಟ ಮತ್ತು 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಎರಡೂ ಕಟ್ಟಡಗಳ ಬಣ್ಣ ಒಂದೇ, ನಡುವಿನದು ಹಸಿರು. ಈ ನೋಟದ ಗೆರೆಯನ್ನು ಯಾರೋ ಬಹಳ ಯೋಚಿಸಿ ಎಳೆದಿದ್ದಾರೆ. ಅದಕ್ಕೆ ಅಡ್ಡವಾಗಿ ಒಂದು ಶೆಡ್ ಎದ್ದರೂ ಸಾಕು, ಕಟ್ಟಡಗಳೆರಡೂ ಗಟ್ಟಿಯಾಗಿ ನಿಂತಿದ್ದರೂ ಉದ್ಯಾನ ಕೆಟ್ಟಂತೆಯೇ.

ನಮ್ಮ ಸ್ಮಾರಕ ಕಾನೂನಿಗೆ ಈ ಗೆರೆ ಕಾಣುವುದಿಲ್ಲ. 1958ರ ಕೇಂದ್ರ ಕಾಯ್ದೆ ಪ್ರಾಚೀನ ಸ್ಮಾರಕ ಎಂದು ಗುರುತಿಸುವುದು ಕನಿಷ್ಠ 100 ವರ್ಷ ಹಳೆಯದಾದ ಕಟ್ಟಡ, ಸಮಾಧಿ, ಗುಹೆ, ಬಂಡೆಗೆತ್ತನೆ, ಶಾಸನ, ಏಕಶಿಲೆಗಳನ್ನು. ಉದ್ಯಾನ ಎಂಬ ಮಾತು ಆ ಸಾಲಿನಲ್ಲಿಲ್ಲ. ಹೂವು, ನೆರಳು, ಬಯಲು ಸ್ಮಾರಕದ ಸುತ್ತಲಿನ ಅಲಂಕಾರವಾಗಬಹುದೇ ಹೊರತು ತಾವೇ ಸ್ಮಾರಕವಾಗಲಾರವು.

ಹಾಗೆಂದು ಕಬ್ಬನ್ ಪಾರ್ಕಿಗೆ ರಕ್ಷಣೆಯೇ ಇಲ್ಲವೆಂದಲ್ಲ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಉದ್ಯಾನದ ಜಾಗವನ್ನು ಮಾರುವುದಕ್ಕೆ, ಗುತ್ತಿಗೆಗೆ ಕೊಡುವುದಕ್ಕೆ ತಡೆ ಹಾಕಿದೆ. ತೊಡಕಿರುವುದು ಗಡಿಯಲ್ಲಿ. ಉದ್ಯಾನ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದು ಸರ್ಕಾರದ ಅಧಿಸೂಚನೆ. 1998ರಲ್ಲಿ ಒಂದಷ್ಟು ಎಕರೆಯನ್ನು ಆ ಗಡಿಯಿಂದ ಕೈಬಿಡಲು ಸರ್ಕಾರ ಹೊರಟಾಗ ಊರಿನ ಜನ ಬೀದಿಗಿಳಿದರು, ಪ್ರಕರಣ ಕೋರ್ಟಿನ ಮೆಟ್ಟಿಲೇರಿತು. ಸೇರಿಸಿದ ಕೈಗೆ ತೆಗೆಯುವ ಅಧಿಕಾರವೂ ಇರುತ್ತದೆ ಎಂಬುದು ಅಂದು ಎಲ್ಲರಿಗೂ ಅರ್ಥವಾಯಿತು. ಇವತ್ತಿಗೂ ಪಾರ್ಕಿನ ವಿಸ್ತೀರ್ಣ ಕೇಳಿದರೆ ಒಂದು ಲೆಕ್ಕದಲ್ಲಿ 300 ಎಕರೆ, ಇನ್ನೊಂದರಲ್ಲಿ 197 ಎಕರೆ. ಕ್ಲಬ್ಬು, ಟೆನಿಸ್ ಅಂಗಳ, ಬಾಲಭವನ, ವಸ್ತುಸಂಗ್ರಹಾಲಯಗಳು ಒಂದೊಂದಾಗಿ ಬಂದು ಕೂತ ಕಥೆಯೂ ಈ ಅಂತರದಲ್ಲಿ ಅಡಗಿದೆ.

ಮಾನ್ಯತೆ ಸಿಕ್ಕಿದರೆ ಆಗುವ ಲಾಭವೇನು ಎನ್ನುವವರು ಲಾಲ್‌ಬಾಗ್ ಕಡೆ ನೋಡಬೇಕು. ಅಲ್ಲಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 300 ಕೋಟಿ ವರ್ಷ ಹಳೆಯ ಈ ಶಿಲೆಗೆ 'ಪೆನಿನ್ಸುಲರ್ ನೈಸ್' ಎಂದು 1916ರಲ್ಲಿ ಹೆಸರಿಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್. ಬೆಳಗಿನ ನಡಿಗೆಯವರು ಏದುಸಿರು ಬಿಡುತ್ತಾ ಹತ್ತುವ ಆ ಬಂಡೆಯ ಬಳಿ ಇದನ್ನೆಲ್ಲ ಸಾರುವ ಫಲಕವಿದೆ. 2025ರಲ್ಲಿ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಗೆ ಲಾಲ್‌ಬಾಗಿನ ಜಾಗ ಬೇಕೆಂಬ ಮಾತು ಬಂದಾಗ, ವಿರೋಧಿಸಿದವರ ಕೈಗೆ ಸಿಕ್ಕ ಮೊದಲ ಅಸ್ತ್ರವೇ ಈ ಮಾನ್ಯತೆ. ಬರೀ 'ನಮ್ಮ ಪಾರ್ಕು' ಎನ್ನುವ ಅಕ್ಕರೆಯನ್ನು ಕಡತ ಲೆಕ್ಕಕ್ಕಿಡುವುದಿಲ್ಲ.

ಇನ್ನೊಂದು ದಾರಿಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ರಾಜ್ಯ ಸರ್ಕಾರ ಪಾರಂಪರಿಕ ತಾಣಗಳನ್ನು ಘೋಷಿಸಬಹುದು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದಲ್ಲೇ ಮೊದಲು ಈ ಪಟ್ಟ ಪಡೆಯಿತು. ಮುಂದೆ ಬೆಂಗಳೂರಿನ ಜಿಕೆವಿಕೆ ಆವರಣಕ್ಕೂ ಅದು ಸಿಕ್ಕಿತು. ಕಬ್ಬನ್ ಪಾರ್ಕಿನ ಮರ, ಬಿದಿರು ಮೆಳೆ, ಹಕ್ಕಿಗಳಿಗೆ ಈ ದಾರಿ ಒಗ್ಗೀತು. ಆದರೆ ಸ್ಯಾಂಕಿ ಹಾಕಿದ ನಕ್ಷೆಯನ್ನು ಅದೂ ಕಾಯುವುದಿಲ್ಲ.

ಇದೇ ಇಕ್ಕಟ್ಟಿಗೆ ನ್ಯೂಯಾರ್ಕ್ ಒಮ್ಮೆ ಪರಿಹಾರ ಹುಡುಕಿಕೊಂಡಿತು. ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವಿದ ಆಕ್ರೋಶದ ಬೆನ್ನಿಗೇ 1965ರಲ್ಲಿ ಆ ನಗರ ಹೆಗ್ಗುರುತುಗಳ ಕಾನೂನು ಮಾಡಿತು. ಅದರಲ್ಲಿಯೂ ಉದ್ಯಾನಕ್ಕೆ ಜಾಗವಿರಲಿಲ್ಲ. 1973ರಲ್ಲಿ ತಿದ್ದುಪಡಿ ತಂದು ಭೂದೃಶ್ಯ ಎಂಬ ಹೊಸ ವರ್ಗ ಸೇರಿಸಿದರು. ಮರುವರ್ಷ ಸೆಂಟ್ರಲ್ ಪಾರ್ಕ್ ಆ ವರ್ಗದ ಮೊದಲ ಹೆಗ್ಗುರುತಾಯಿತು. ಅಮೆರಿಕದ ರಾಷ್ಟ್ರೀಯ ಮಾನ್ಯತೆ ಅದಕ್ಕೆ 1963ರಲ್ಲೇ ಸಿಕ್ಕಿದ್ದರೂ, ಪಾರ್ಕಿನೊಳಗಿನ ಬದಲಾವಣೆಗಳನ್ನು ನಗರದ ಆಯೋಗ ಪರಿಶೀಲಿಸುವಂತಾದದ್ದು ಈ ತಿದ್ದುಪಡಿಯಿಂದ.

ನಮ್ಮಲ್ಲಿ ಕಟ್ಟಡಗಳಿಗಾಗಿ ನಡೆದ ಹೋರಾಟವೂ ಸುಲಭದ್ದಾಗಿರಲಿಲ್ಲ. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಯೋಚನೆಯಿತ್ತು. ಅದರ ವಿರುದ್ಧ ಸಲ್ಲಿಸಿದ ಅರ್ಜಿ ಕೋರ್ಟಿನಲ್ಲಿ ಬಿದ್ದುಹೋಯಿತು. ಕಟ್ಟಡ ಉಳಿದದ್ದು ಜನರ ಒತ್ತಾಯದಿಂದ. ಅಷ್ಟು ದೊಡ್ಡ ಕಟ್ಟಡಕ್ಕೇ ಆ ಗತಿಯಾದರೆ ಖಾಲಿ ಹುಲ್ಲುಹಾಸಿನ ಪಾಡೇನು? ಖಾಲಿ ಎಂದು ಕಂಡ ಜಾಗಕ್ಕೆ ಈ ನಗರದಲ್ಲಿ ಯಾವಾಗಲೂ ಒಂದು ಯೋಜನೆ ಕಾದಿರುತ್ತದೆ.

ಆದ್ದರಿಂದ ಮಾನ್ಯತೆಯ ಅರ್ಜಿ ಭಾವುಕ ಮನವಿಪತ್ರವಾದರೆ ಸಾಲದು. ಕಲ್ಲು ನೆಟ್ಟು ಗುರುತಿಸಿದ ಗಡಿಯ ಸರ್ವೆ ನಕ್ಷೆ, ಮರಗಳ ಪಟ್ಟಿ, ಹಳೆಯ ದಾರಿಗಳು, ಕಾಯಬೇಕಾದ ನೋಟದ ಗೆರೆಗಳು ಅದರಲ್ಲಿರಬೇಕು. ಜತೆಗೆ ಐತಿಹಾಸಿಕ ಉದ್ಯಾನ ಎಂಬ ವರ್ಗವನ್ನು ರಾಜ್ಯದ ಕಾನೂನಿಗೆ ಸೇರಿಸುವಂತೆ ಶಾಸಕರನ್ನು ಕೇಳಬೇಕು. ಆ ತಿದ್ದುಪಡಿ ಆಗಬೇಕಾದ ವಿಧಾನಸೌಧ ಪಾರ್ಕಿಗೆ ಕೂಗಳತೆಯಲ್ಲೇ ಇದೆ. ಕೂಗು ಮಾತ್ರ ಒಂದೇ ದನಿಯಲ್ಲಿ, ಕಾಗದಪತ್ರದ ಸಮೇತ ಹೋಗಬೇಕು.